ಕೆಲಸ ಸಿಕ್ಕ ಮೇಲೆ ಊರು ಬಿಡಬೇಕಾ, ಊರು ಬಿಟ್ಟ ಮೇಲೆ ಕೆಲಸ ಹುಡುಕಬೇಕಾ?

ಪ್ರಶ್ನೆ: ನಮಸ್ಕಾರ್ರೀ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಅಕೌಂಟೆಂಟ್. ಬಿ.ಕಾಂ. ಆಗಿದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಜಿಎಸ್‌ಟಿ ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ. ಹೆಂಡತಿಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸ ಸಿಕ್ಕಿ, ಈಗ ಪಿಜಿಯಲ್ಲಿದ್ದಾಳೆ. ನಾನೂ ಅಲ್ಲಿಗೇ ಹೋಗಬೇಕು. ನೌಕ್ರಿ ಆ್ಯಪ್‌ನಲ್ಲಿ ಹಾಕಿದ್ದೇನೆ, ಫೋನೂ ಬರುತ್ತವೆ. "ನಾಳೆ ಹನ್ನೊಂದಕ್ಕೆ ಪೀಣ್ಯಕ್ಕೆ ಬನ್ನಿ" ಅಂತಾರೆ. ಕಲಬುರಗಿಯಲ್ಲಿದ್ದೇನೆ ಅಂದ ಕೂಡಲೇ "ಆಯ್ತು, ತಿಳಿಸ್ತೀವಿ" ಅಂತ ಇಟ್ಟುಬಿಡ್ತಾರೆ. ಇರೋ ಕೆಲಸ ಬಿಟ್ಟು ಹೋಗೋಕೆ ಅಪ್ಪ ಒಪ್ಪುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಕಲಬುರಗಿ

ಉತ್ತರ: ಅಪ್ಪ ಹೇಳೋದು ಸರಿ, ಕೆಲಸ ಬಿಡಬೇಡಿ. ಆದರೆ ಅಲ್ಲೇ ಕೂತು ಎಲ್ಲಾ ಪಕ್ಕಾ ಆಗಲಿ ಅಂತ ಕಾಯೋದೂ ಬೇಡ. ನಿಮ್ಮ ಹುದ್ದೆಗೆ ಹಾಗೆ ಆಗೋದು ಕಡಿಮೆ. ದೊಡ್ಡ ಸಂಬಳದ ಸಾಫ್ಟ್‌ವೇರ್ ಕೆಲಸಕ್ಕಾದರೆ ಕಂಪನಿ ವಿಡಿಯೋದಲ್ಲೇ ಮೂರು ರೌಂಡ್ ಮುಗಿಸಿ, ತೊಂಬತ್ತು ದಿನದ ನೋಟಿಸ್ ಪೀರಿಯಡ್ ಇದ್ದರೂ ಕಾಯುತ್ತೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಯಾಕೆ ಕಾಯಬೇಕು ಹೇಳಿ? ಅವರ ಹಳೇ ಅಕೌಂಟೆಂಟ್ ಬಿಟ್ಟು ಹೋಗಿರ್ತಾನೆ, ಬಿಲ್ಲುಗಳು ರಾಶಿ ಬಿದ್ದಿರ್ತವೆ, ಸೋಮವಾರದಿಂದಲೇ ಜನ ಬೇಕು. ನಿಮ್ಮ ಮಾರ್ಕ್ಸ್ ಬಗ್ಗೆ ಅವರಿಗೆ ಅನುಮಾನವೇ ಇಲ್ಲ. ಈ ಮನುಷ್ಯ ನಿಜಕ್ಕೂ ಬರ್ತಾನಾ, ಬಂದವನು ಬಾಡಿಗೆ ರೇಟು ಕೇಳಿ ವಾಪಸ್ ಹೋಗ್ತಾನಾ, ಹಬ್ಬಕ್ಕೆ ಊರಿಗೆ ಹೋದವನು ಅಲ್ಲೇ ಉಳೀತಾನಾ, ಅವರ ತಲೆಯಲ್ಲಿ ಓಡೋದು ಇಷ್ಟೇ. ಈ ಅನುಮಾನ ಕಳೆಯಿರಿ, ಅರ್ಧ ಕೆಲಸ ಆದಂಗೆ.

ರೆಸ್ಯೂಮೆಯ ಮೇಲ್ಭಾಗದಲ್ಲೇ ಒಂದು ಸಾಲು ಹಾಕಿ: ಹೆಂಡತಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಇಷ್ಟು ದಿನದಲ್ಲಿ ಸೇರಿಕೊಳ್ಳುತ್ತೇನೆ. ಬೆಂಗಳೂರಿನ ಸುಳ್ಳು ವಿಳಾಸ ಮಾತ್ರ ಹಾಕಬೇಡಿ (ಈ ಐಡಿಯಾ ಕೊಡೋ ಗೆಳೆಯರು ಎಲ್ಲರಿಗೂ ಇರ್ತಾರೆ). ಸಂಜೆ ನಾಲ್ಕಕ್ಕೆ ಬನ್ನಿ ಅಂದರೆ ಸಿಕ್ಕಿಬೀಳ್ತೀರಿ. ಇನ್ನು ಫೋನಿನಲ್ಲಿ "ಸರ್, ನಾನು ಕಲಬುರಗಿಯಲ್ಲಿದ್ದೀನಿ" ಅಂತ ಶುರು ಮಾಡಿ ಸುಮ್ಮನಾಗಬೇಡಿ. "ಈಗ ಕಲಬುರಗಿಯಲ್ಲಿದ್ದೀನಿ ಸರ್, ಗುರುವಾರ ಬೆಳಿಗ್ಗೆ ನಿಮ್ಮ ಆಫೀಸಿನಲ್ಲಿರ್ತೀನಿ, ಬೇಕಾದ್ರೆ ಇವತ್ತೇ ಸಂಜೆ ವಿಡಿಯೋ ಕಾಲ್‌ನಲ್ಲಿ ಟ್ಯಾಲಿ ಕೆಲಸ ಮಾಡಿ ತೋರಿಸ್ತೀನಿ" ಅನ್ನಿ. ತೋರಿಸುವಾಗ ನಿಮ್ಮ ಧಣಿಯ ಲೆಕ್ಕ ತೆರೆಯಬೇಡಿ ಮಾರಾಯರೇ, ಕಾಲ್ಪನಿಕ ಕಂಪನಿಯೊಂದನ್ನು ಮಾಡಿಟ್ಟುಕೊಳ್ಳಿ. ಟ್ಯಾಲಿ ಪ್ರೈಮ್‌ನ ಎಜುಕೇಷನಲ್ ಮೋಡ್ ಪುಕ್ಕಟೆ. ತಾರೀಖು ಹಾಕೋಕೆ ಸ್ವಲ್ಪ ಮಿತಿ ಇದೆ, ತೋರಿಸೋಕೆ ಧಾರಾಳ ಸಾಕು.

ಯಾವಾಗ ಹೋಗಬೇಕು ಅನ್ನೋದಕ್ಕೆ ನಿಮ್ಮ ಕ್ಯಾಲೆಂಡರೇ ಉತ್ತರ. ತಿಂಗಳ 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟಬೇಕು, ತಿಂಗಳ ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟೋ 3ಬಿ. ಆ ದಿನಗಳಲ್ಲಿ ನಿಮ್ಮ ಮಿಲ್ಲಿನವರು ರಜೆ ಕೊಡಲ್ಲ, ಅಲ್ಲಿನವರಿಗೆ ಇಂಟರ್‌ವ್ಯೂ ಮಾಡೋ ಪುರುಸೊತ್ತಿರಲ್ಲ. 21ರ ನಂತರದ ಒಂದು ವಾರ ರಜೆ ಹಾಕಿ. ಆ ವಾರಕ್ಕೇ ನಾಲ್ಕೈದು ಕಡೆ ಗೊತ್ತುಮಾಡಿಕೊಂಡು ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ. ಒಂದೊಂದು ಇಂಟರ್‌ವ್ಯೂಗೂ ಒಂದೊಂದು ಸಲ ಓಡಾಡಿದರೆ ದುಡ್ಡೂ ಹೋಗುತ್ತೆ, ಧಣಿಗೂ ಅನುಮಾನ ಬರುತ್ತೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ನೀವು ಮರೆತೇಬಿಟ್ಟಿದ್ದೀರಿ ಅನಿಸುತ್ತೆ. ನಿಮ್ಮ ಲೆಡ್ಜರ್ ತೆಗೆದು ನೋಡಿ. ಬಾಕಿ ಬರಬೇಕಾದ ಪಾರ್ಟಿಗಳಲ್ಲಿ ಯಶವಂತಪುರ ಎಪಿಎಂಸಿ ಯಾರ್ಡಿನವರು, ನ್ಯೂ ತರಗುಪೇಟೆಯ ಬೇಳೆ ವ್ಯಾಪಾರಿಗಳು ಇರಬಹುದು ಅಲ್ವಾ? ಇದ್ದರೆ ಪೇಮೆಂಟಿಗಾಗಿ ಅವರ ಜೊತೆ ವರ್ಷಗಟ್ಟಲೆ ಫೋನಿನಲ್ಲಿ ಜಗಳ ಆಡಿರ್ತೀರಿ. ನಿಮ್ಮ ದನಿ ಅವರಿಗೆ ಗೊತ್ತು, ತೊಗರಿ ಬೇಳೆಯ ವ್ಯವಹಾರ ನಿಮಗೆ ಗೊತ್ತು, ತೂಕದಲ್ಲಿ ಕಡಿತ ಎಲ್ಲಿ ಬರುತ್ತೆ ಅನ್ನೋದೂ ಗೊತ್ತು. ಪೋರ್ಟಲಿನಲ್ಲಿ ನೂರು ಕಡೆ ಅರ್ಜಿ ಒತ್ತೋದಕ್ಕಿಂತ ಇಲ್ಲಿನ ಒಂದು ಮಾತಿಗೆ ಬೆಲೆ ಜಾಸ್ತಿ. ಆದರೆ ಧಣಿಗೆ ಹೇಳದೆ ಈ ಕಡೆ ಕೈಹಾಕಬೇಡಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಕೇಳಿದ್ದು ಮಧ್ಯಾಹ್ನದೊಳಗೆ ಮಿಲ್ಲಿಗೆ ಬಂದಿರುತ್ತೆ. ಹೆಂಡತಿ ಅಲ್ಲಿದ್ದಾಳೆ, ನಾನು ಹೋಗಲೇಬೇಕು, ಹೊಸಬನಿಗೆ ಕಲಿಸಿಕೊಟ್ಟೇ ಹೋಗ್ತೀನಿ ಅಂತ ಬಾಯಿ ಬಿಟ್ಟು ಹೇಳಿ. ಒಳ್ಳೆ ಧಣಿಯಾದರೆ ಅವರೇ ಫೋನ್ ಮಾಡ್ತಾರೆ.

ಸಂಬಳ ಮಾತಾಡುವಾಗ ಸಿಟಿಸಿ (ಕಂಪನಿ ನಿಮಗಾಗಿ ಮಾಡೋ ಒಟ್ಟು ಖರ್ಚು) ಎಷ್ಟು ಅಂತ ಕೇಳಬೇಡಿ, ಕೈಗೆ ಎಷ್ಟು ಬರುತ್ತೆ ಅಂತ ಕೇಳಿ. ಕಂಪನಿ ಕಟ್ಟೋ ಪಿಎಫ್ ಕೂಡ ಸಿಟಿಸಿ ಒಳಗೇ ಇರುತ್ತೆ. ಪಿಎಫ್‌ನ ಹಳೇ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಮನೆ ಮಾತ್ರ ಆತುರದಲ್ಲಿ ಹಿಡಿಯಬೇಡಿ. ಐದಾರು ತಿಂಗಳ ಬಾಡಿಗೆ ಅಡ್ವಾನ್ಸ್, ಕೆಲವರು ಈಗಲೂ ಹತ್ತು ತಿಂಗಳದ್ದು ಕೇಳ್ತಾರೆ. ಎರಡು ತಿಂಗಳು ನೀವೂ ಪಿಜಿಯಲ್ಲಿರಿ. ಗಂಡ ಹೆಂಡತಿ ಬೇರೆ ಬೇರೆ ಪಿಜಿಯಲ್ಲಿರೋದು ನೆಂಟರಿಗೆ ವಿಚಿತ್ರ ಅನಿಸಬಹುದು, ಅನಿಸಲಿ ಬಿಡಿ.

ಪ್ರಶ್ನೆ: ಧಾರವಾಡದ ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್ ನಾನು. ಬಿ.ಎಸ್ಸಿ., ಬಿ.ಎಡ್., ಸಿಟಿಇಟಿ (ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿದೆ. ಯಜಮಾನರಿಗೆ ಪುಣೆಗೆ ವರ್ಗ ಆಗಿದೆ. ಮರಾಠಿ ತಿಳಿಯುತ್ತೆ, ಬರೆಯೋಕೆ ಬರಲ್ಲ. ಜೂನ್‌ನಲ್ಲಿ ಹೋಗಿ ನಿಧಾನಕ್ಕೆ ಹುಡುಕಿದರೆ ಸಾಕಾ?
– ಓದುಗಿ, ಧಾರವಾಡ

ಉತ್ತರ: ಸಾಕಾಗಲ್ಲ ಮೇಡಂ, ಜೂನ್ ಅಂದರೆ ತಡ. ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರು. ಟೀಚರ್‌ಗಳನ್ನು ಜನವರಿಯಿಂದ ಮಾರ್ಚ್ ಒಳಗೆ ಆರಿಸಿಕೊಳ್ತಾರೆ. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆ ಟೀಚರ್‌ಗಳ ವಾಕ್-ಇನ್ ಇಂಟರ್‌ವ್ಯೂ ನಡೆಸೋದೂ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲೇ. ಪುಣೆಯ ಒಂದೊಂದು ಕೇಂದ್ರೀಯ ವಿದ್ಯಾಲಯದ ವೆಬ್‌ಸೈಟನ್ನೂ ಬೇರೆ ಬೇರೆಯಾಗಿ ನೋಡ್ತಿರಿ, ಪ್ರಕಟಣೆ ಅಲ್ಲಲ್ಲೇ ಹಾಕ್ತಾರೆ. ಸಿಟಿಇಟಿ ಈಗ ಜೀವನಪೂರ್ತಿ ಚಾಲ್ತಿ, ಅದರ ಚಿಂತೆ ಬೇಡ. ಇಂಗ್ಲಿಷ್ ಮಾಧ್ಯಮದಲ್ಲಿ ಗಣಿತ ಹೇಳೋಕೆ ಮರಾಠಿ ಬರವಣಿಗೆ ಬೇಕಿಲ್ಲ. ತಂದೆತಾಯಿಗಳ ಜೊತೆ ನಾಲ್ಕು ಮಾತಾಡುವಷ್ಟು ಬಂದರೆ ಅದೇ ನಿಮಗೆ ಪ್ಲಸ್.

ಎಷ್ಟೇ ವಿಡಿಯೋ ಇಂಟರ್‌ವ್ಯೂ ಆದರೂ ಕೊನೆಗೆ ಡೆಮೊ ಕ್ಲಾಸಿಗೆ ಕರೀತಾರೆ. ಎರಡು ಮೂರು ಶಾಲೆಯ ಡೆಮೊ ಒಂದೇ ಸಲಕ್ಕೆ ಮುಗಿಸಿಕೊಳ್ಳೋ ಹಾಗೆ ಕೇಳಿಕೊಳ್ಳಿ, ಹುಬ್ಬಳ್ಳಿ-ಪುಣೆ ವಂದೇ ಭಾರತ್ ಧಾರವಾಡದಲ್ಲೂ ನಿಲ್ಲುತ್ತೆ. ಈಗಿನ ಶಾಲೆಯಿಂದ ರಿಲೀವಿಂಗ್ ಲೆಟರ್, ಅನುಭವದ ಸರ್ಟಿಫಿಕೇಟ್ ಎರಡನ್ನೂ ಹೊರಡೋ ಮೊದಲೇ ಕೈಗೆ ತಗೊಳ್ಳಿ. ಆಮೇಲೆ ಫೋನಿನಲ್ಲಿ ಕೇಳಿದರೆ ಯಾರೂ ಕಳಿಸಲ್ಲ. ಮತ್ತೆ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅನ್ನೋ ಶಾಲೆಗೆ ಹೋಗಲೇಬೇಡಿ.

ಪ್ರಶ್ನೆ: ಐಟಿಐ ಎಲೆಕ್ಟ್ರಿಷಿಯನ್. ದುಬೈಗೆ ವಿಸಿಟ್ ವೀಸಾದಲ್ಲಿ ಹೋಗು, ಹೋಗಿ ಎರಡೇ ವಾರಕ್ಕೆ ಕೆಲಸ ಅಂತ ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ. ಹೋಗಬಹುದಾ?
– ಕುಂದಾಪುರ

ಉತ್ತರ: ಬೇಡ ತಮ್ಮಾ. ವಿಸಿಟ್ ವೀಸಾದಲ್ಲಿ ಅಲ್ಲಿ ಕೆಲಸ ಮಾಡೋದು ಕಾನೂನಿಗೆ ವಿರುದ್ಧ. ಸಂಬಳ ಕೊಡದಿದ್ದರೆ ಕೇಳೋಕೂ ಬಾಯಿ ಇರಲ್ಲ. ನಮ್ಮ ದೇಶದಲ್ಲಿ ವಿದೇಶಕ್ಕೆ ಜನ ಕಳಿಸೋ ಏಜೆಂಟನಿಗೆ ಸರ್ಕಾರದ ನೋಂದಣಿ ಇರಬೇಕು. ಅವನು ತಗೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅದಕ್ಕೂ ರಸೀದಿ. ಯುಎಇ ಕಾನೂನಿನಲ್ಲಂತೂ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹೊರಿಸೋ ಹಾಗೇ ಇಲ್ಲ. ಅವನ ಲೈಸೆನ್ಸ್ ನಂಬರ್ ಕೇಳಿ, ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹಾಕಿ ನೋಡು. ನಂಬರ್ ಕೊಡದೆ "ನನ್ನ ಮೇಲೆ ನಂಬಿಕೆ ಇಲ್ವಾ" ಅಂದರೆ ಇಲ್ಲ ಅಂತಲೇ ಹೇಳಿ ಎದ್ದು ಬಾ. ಈಗಾಗಲೇ ಆನ್‌ಲೈನ್‌ನಲ್ಲಿ ಅಡ್ವಾನ್ಸ್ ಕಳಿಸಿ, ಮೋಸ ಅನಿಸಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.