ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪ್ ಪಾಲಿಶ್‌ಗೆ ಜಾಸ್ತಿ ದುಡ್ಡು ಹಾಕುವುದು ದಂಡವಾ?

ಗ್ರಾಹಕರು ನೋಡುವುದು ಹೊಳಪನ್ನು ಮಾತ್ರ, ಹಾಗಿದ್ದ ಮೇಲೆ ಒಳ್ಳೆ ಪಾಲಿಶ್‌ಗೆ ಜಾಸ್ತಿ ಖರ್ಚು ಮಾಡಿ ಏನು ಲಾಭ, ಸ್ವಂತ ಪಾಲಿಶ್ ಮಷೀನ್ ತಗೊಂಡರೆ ಹೇಗೆ ಅಂತ ಕೇಳಿದ್ದೀರಿ. ಪೀಣ್ಯದಲ್ಲಿ ಶೆಡ್ ಶುರು ಮಾಡಿದ ಹೊಸದರಲ್ಲಿ ನನ್ನ ಲೆಕ್ಕವೂ ಇದೇ ಆಗಿತ್ತು. ಒಂದು ಕಡೆ ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಗೇಟು, ಗ್ರಿಲ್ಲು. ಇನ್ನೊಂದು ಕಡೆ ಎಸ್‌ಎಸ್ ರೇಲಿಂಗ್. ಪೈಪ್ ಕತ್ತರಿಸಿ, ಆರ್ಗನ್ ವೆಲ್ಡಿಂಗ್ ಮಾಡಿ, ಮರಳು ಕಾಗದದಂಥ ಬೆಲ್ಟ್ ಹಿಡಿದು ಉಜ್ಜಿ, ಬಟ್ಟೆಯ ಚಕ್ರದಿಂದ ಬಫ್ ಹೊಡೆದು ಕಳಿಸುತ್ತಿದ್ದೆವು. ಕನ್ನಡಿಯ ಹಾಗೆ ಹೊಳೆದರೆ ಕೆಲಸ ಮುಗಿಯಿತು ಅನ್ನುವ ನಂಬಿಕೆ.

ಉಡುಪಿಯ ಮಲ್ಪೆ ಕಡೆ ಸಮುದ್ರಕ್ಕೆ ಎದುರಾಗಿದ್ದ ಒಂದು ಕಟ್ಟಡದ ರೇಲಿಂಗ್ ಕೆಲಸ ಸಿಕ್ಕಿತು. ಬಾಲ್ಕನಿ, ಮೆಟ್ಟಿಲು ಎಲ್ಲಾ ಸೇರಿ ನಮಗೆ ಅದು ದೊಡ್ಡ ಆರ್ಡರ್. 304 ದರ್ಜೆಯ ಎಸ್‌ಎಸ್ ಪೈಪ್ ತಂದು ಮಿರರ್ ಫಿನಿಶ್ ಕೊಟ್ಟು ಫಿಟ್ ಮಾಡಿ ಬಂದೆವು. ಮಾಲೀಕರು ಖುಷಿಯಾಗಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಫೋಟೋ ಬಂತು. ವೆಲ್ಡ್ ಜಾಯಿಂಟ್‌ಗಳ ಸುತ್ತ ಕಂದು ಚುಕ್ಕೆಗಳು, ಬೆಲ್ಟ್ ಓಡಿದ ದಿಕ್ಕಿಗೇ ಸಣ್ಣ ಸಣ್ಣ ಗೆರೆಗಳು. "202 ಕೊಟ್ಟು 304 ಅಂತ ಬಿಲ್ ಮಾಡಿದ್ದೀರಿ" ಅಂದರು. 202 ಅಂದರೆ ಅಗ್ಗದ ದರ್ಜೆ. ನಿಜವಾಗಿಯೂ ನೋವಾಯಿತು. ತುಂಡು ಕತ್ತರಿಸಿ ಲ್ಯಾಬ್‌ಗೆ ಕೊಟ್ಟೆವು. 304 ಅಂತಲೇ ಬಂತು. (ಮ್ಯಾಗ್ನೆಟ್ ಹಿಡಿದು 202, 304 ಬೇರೆ ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ. ಪೈಪ್‌ನಲ್ಲಿ ಎರಡೂ ಮ್ಯಾಗ್ನೆಟ್‌ಗೆ ಸರಿಯಾಗಿ ಹಿಡಿಯುವುದಿಲ್ಲ.)

ಹಾಗಾದರೆ ಏನಾಗಿತ್ತು? ಎಂಎಸ್ ಗೇಟಿಗೆ ಬಳಸಿದ ಬೆಲ್ಟನ್ನೇ ಎಸ್‌ಎಸ್ ಜಾಯಿಂಟ್‌ಗೂ ಹಿಡಿದಿದ್ದೆವು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಎಷ್ಟೋ ಶೆಡ್‌ಗಳಲ್ಲಿ ಇದನ್ನು ಯಾರೂ ತಪ್ಪು ಅಂತಲೇ ಅಂದುಕೊಳ್ಳುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಂನಿಂದ. ಕಡಿಮೆ ಅಂದರೂ ಶೇ. 10.5 ಇರಬೇಕು, 304ರಲ್ಲಿ ಸುಮಾರು 18 ಇರುತ್ತದೆ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪದರ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಗೀರಿದರೂ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಎಂಎಸ್ ಉಜ್ಜಿದ ಬೆಲ್ಟ್‌ನ ಕಾಳುಗಳ ನಡುವೆ ಕಬ್ಬಿಣದ ಪುಡಿ ಕೂತಿರುತ್ತದೆ. ಅದನ್ನು ಎಸ್‌ಎಸ್‌ಗೆ ಒತ್ತಿದಾಗ ಆ ಪುಡಿ ಮೈಯೊಳಗೆ ಹೂತುಹೋಗುತ್ತದೆ. ಅಲ್ಲಿ ಇರುವುದು ಬರೀ ಕಬ್ಬಿಣ. ಉಪ್ಪುಗಾಳಿ ತಾಗಿದ ತಕ್ಷಣ ತುಕ್ಕು ಹಿಡಿಯುತ್ತದೆ. ಆ ತುಕ್ಕು ಕೆಳಗಿನ ಜಾಗಕ್ಕೆ ಆಮ್ಲಜನಕ ಹೋಗದಂತೆ ಮುಚ್ಚಿಬಿಡುತ್ತದೆ. ಪದರ ಮತ್ತೆ ಕಟ್ಟಿಕೊಳ್ಳುವುದಿಲ್ಲ, ಒಳ್ಳೆ ಸ್ಟೀಲೂ ತೂತು ಬೀಳಲು ಶುರುವಾಗುತ್ತದೆ. ನಾವು ಅದರ ಮೇಲೆ ಬಫ್ ಹೊಡೆದಿದ್ದು ಇನ್ನೂ ಕೆಟ್ಟದ್ದು. ಬಫ್ ಲೋಹವನ್ನು ಅಷ್ಟಾಗಿ ತೆಗೆಯುವುದಿಲ್ಲ, ಸವರುತ್ತದೆ. ಕಬ್ಬಿಣದ ಪುಡಿಯೂ ಸವರಿಹೋಗಿ, ಮೇಲೆ ಬಫ್‌ಗೆ ಹಚ್ಚುವ ಸೋಪಿನ (ಪಾಲಿಶ್ ಮೇಣದ) ಹೊಳಪು ಬಂದು, ಏನೂ ಕಾಣದ ಹಾಗಾಯಿತು.

ಸಮುದ್ರದ ಹತ್ತಿರ ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆ ಹಾಕಬೇಕಿತ್ತು, ಅದು ನಿಜ. ಆದರೆ ಅದೇ ರೇಲಿಂಗ್‌ನಲ್ಲಿ ನಮ್ಮ ಬೆಲ್ಟ್ ತಾಗದ ನೇರ ಪೈಪ್‌ಗಳಲ್ಲಿ ತೆಳು ಕಲೆ ಬಿಟ್ಟರೆ ಏನೂ ಇರಲಿಲ್ಲ. ಹಾಳಾಗಿದ್ದು ನಾವು ಉಜ್ಜಿದ ಜಾಗ ಮಾತ್ರ.

ಪಿಕ್ಲಿಂಗ್ ಪೇಸ್ಟ್ (ಆಸಿಡ್ ಇರುವ ಪೇಸ್ಟ್) ಹಚ್ಚಿದರೆ ಕಬ್ಬಿಣ ಹೋಗುತ್ತದೆ, ಜೊತೆಗೆ ಮಿರರ್ ಫಿನಿಶ್ಶೂ ಮಂಕಾಗುತ್ತದೆ. ಹಾಗಾಗಿ ರೇಲಿಂಗ್ ಬಿಚ್ಚಿ, ಲಾರಿಗೆ ಹಾಕಿ ಬೆಂಗಳೂರಿಗೆ ತಂದು, 180 ಗ್ರಿಟ್‌ನಿಂದ ಮತ್ತೆ ಶುರು ಮಾಡಬೇಕಾಯಿತು. (ಗ್ರಿಟ್ ಅಂದರೆ ಬೆಲ್ಟ್‌ನ ಕಾಳಿನ ನಂಬರ್, ಜಾಸ್ತಿ ಆದಷ್ಟೂ ಕಾಳು ಸಣ್ಣದು.) ಬಾಕಿ ದುಡ್ಡು ನಿಂತಿತು. ಆ ಬಿಲ್ಡರ್‌ನಿಂದ ಮುಂದೆ ಬರಬೇಕಿದ್ದ ಕೆಲಸಗಳೆಲ್ಲ ಬೇರೆಯವರಿಗೆ ಹೋದವು. ಬೆಲ್ಟಿನಲ್ಲಿ ಉಳಿಸಿದ್ದು ನೂರಾರು ರೂಪಾಯಿ ಇರಬಹುದು ಅಷ್ಟೇ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ. ಗ್ರಾಹಕರು ಹೊಳಪು ಬಿಟ್ಟು ಪಾಲಿಶ್ ಎಷ್ಟು ನಯ ಅಂತ ನೋಡುವುದಿಲ್ಲ ಅನ್ನುವುದು ರೇಲಿಂಗ್ ಮಾಡುವವರ ಮಾತು. ಒಳ್ಳೆ ದುಡ್ಡು ಕೊಡುವ ಗ್ರಾಹಕರು ಅದನ್ನು ಅಳೆಯುತ್ತಾರೆ. ನಮಗೆ ಆಮೇಲೆ ಡೈರಿ ಮಷೀನರಿ ಮಾಡುವ ಒಂದು ಕಂಪನಿಯ ಕೆಲಸ ಸಿಕ್ಕಿತು. ಅವರ ಇನ್‌ಸ್ಪೆಕ್ಟರ್ ಹೊಳಪಿನ ಕಡೆ ತಿರುಗಿಯೂ ನೋಡಲಿಲ್ಲ. ಪೈಪ್‌ನ ಒಳಮೈಗೆ ರಫ್‌ನೆಸ್ ಮೀಟರ್ ಇಟ್ಟು ಆರ್‌ಎ, ಅಂದರೆ ಮೈಯ ಸರಾಸರಿ ಒರಟುತನ, ಎಷ್ಟು ಅಂತ ನೋಡಿದರು. ಹಾಲು ಹರಿಯುವ ಪೈಪ್‌ಗೆ 0.8 ಮೈಕ್ರಾನ್‌ಗಿಂತ ಜಾಸ್ತಿ ಇರಬಾರದು. ಔಷಧಿ ಕಾರ್ಖಾನೆಯವರು ಇನ್ನೂ ಕಡಿಮೆ ಕೇಳುತ್ತಾರೆ. ಕಾರಣ ಇದೆ. ಆ ಪೈಪ್‌ಗಳನ್ನು ಬಿಚ್ಚಿ ತೊಳೆಯುವುದಿಲ್ಲ, ಇದ್ದಲ್ಲೇ ಕಾಸ್ಟಿಕ್ ಮತ್ತು ಆಸಿಡ್ ಹರಿಸಿ ತೊಳೆಯುತ್ತಾರೆ. ಒಳಗೆ ಆಳದ ಗೀರು ಇದ್ದರೆ ಹಾಲಿನ ಪೊರೆ ಅಲ್ಲೇ ಉಳಿಯುತ್ತದೆ. ಬ್ಯಾಕ್ಟೀರಿಯಾದ ಗಾತ್ರವೇ ಒಂದು ಮೈಕ್ರಾನ್ ಆಸುಪಾಸು. ಅಂಥ ಗೀರಿನಲ್ಲಿ ಆರಾಮಾಗಿ ಕೂರುತ್ತದೆ, ಅಲ್ವಾ?

ರೇಲಿಂಗ್‌ನಲ್ಲಿ ಒಂದು ಅಡಿಗೆ ಐದು ರೂಪಾಯಿ ಕಡಿಮೆ ಮಾಡಿ ಅಂತ ಜಗ್ಗಾಡುತ್ತಾರೆ. ಮೀಟರ್ ರೀಡಿಂಗ್ ಬರೆದ ಹಾಳೆ ಜೊತೆಗೆ ಕೊಟ್ಟಾಗ ಆ ಜಗ್ಗಾಟ ತುಂಬಾ ಕಡಿಮೆಯಾಯಿತು. ನನ್ನ ಪ್ರಕಾರ ಒಳ್ಳೆ ಪಾಲಿಶ್‌ನ ನಿಜವಾದ ಲಾಭ ಇದೇ. ವಾಪಸ್ ಬರುವ ಮಾಲು ನಿಲ್ಲುತ್ತದೆ, ಮೊದಲು ಒಳಗೇ ಬಿಡದಿದ್ದ ಕಂಪನಿಗಳು ಮಾತಾಡಿಸುತ್ತವೆ.

ಇನ್ನು ಮಷೀನ್ ವಿಷಯ. ಈಗಲೇ ತಗೋಬೇಡಿ. ಎಸ್‌ಎಸ್‌ಗೆ ಅಂತ ಬೇರೆ ಕೋಣೆ ಇಲ್ಲದೆ ಎಷ್ಟು ದೊಡ್ಡ ಮಷೀನ್ ತಂದರೂ ಪಕ್ಕದಲ್ಲಿ ಗೇಟ್ ಉಜ್ಜುವಾಗ ಹಾರುವ ಪುಡಿ ಅದರ ಮೇಲೇ ಬೀಳುತ್ತದೆ. ಮೊದಲು ಒಂದು ಗೋಡೆ ಕಟ್ಟಿ. ಎಸ್‌ಎಸ್ ಬೆಲ್ಟ್, ಫ್ಲ್ಯಾಪ್ ವೀಲ್, ವೈರ್ ಬ್ರಷ್ ಎಲ್ಲಕ್ಕೂ ಬಣ್ಣ ಹಚ್ಚಿ ಬೇರೆ ಇಡಿ. ಬ್ರಷ್ ಕೂಡ ಸ್ಟೇನ್‌ಲೆಸ್ ತಂತಿಯದ್ದೇ ಇರಲಿ. ಅಲ್ಲಿಯವರೆಗೆ ಉದ್ದ ಪೈಪ್‌ಗಳನ್ನು ಹೊರಗಿನ ಪಾಲಿಶ್‌ನವರಿಗೆ ಜಾಬ್‌ವರ್ಕ್‌ಗೆ ಕೊಡಿ. ಕೊಡುವಾಗ ಯಾವ ಯಾವ ಗ್ರಿಟ್ ಹಿಡಿಯುತ್ತೀರಿ ಅಂತ ಕೇಳಿ. 120 ಆದ ಮೇಲೆ ಸೀದಾ 400ಕ್ಕೆ ಹಾರುವವರ ಹತ್ತಿರ ಹೋಗಬೇಡಿ. 180, 240, 320 ದಾಟದೆ ಹೋದರೆ ಹಳೆ ಗೀರು ಅಡಿಯಲ್ಲಿ ಹಾಗೇ ಉಳಿಯುತ್ತದೆ.

ವಾಪಸ್ ಬಂದ ಪೈಪ್‌ನಿಂದ ಒಂದು ತುಂಡು ತೆಗೆದು ಕಾಪರ್ ಸಲ್ಫೇಟ್ ಟೆಸ್ಟ್ ಮಾಡಿ. ಆಸಿಡ್ ಬೆರೆಸಿದ ಆ ದ್ರಾವಣವನ್ನು ಹಚ್ಚಿ ಆರು ನಿಮಿಷ ಒದ್ದೆಯಾಗಿಡಿ, ಕಬ್ಬಿಣ ಇದ್ದಲ್ಲಿ ತಾಮ್ರ ಕೆಂಪಗೆ ಕೂರುತ್ತದೆ. ಹಾಲು, ಆಹಾರ ಹರಿಯುವ ಪೈಪ್ ಮೇಲೆ ನೇರವಾಗಿ ಇದನ್ನು ಮಾಡಬೇಡಿ, ತುಂಡಿನ ಮೇಲೆ ಮಾತ್ರ. ಕರಾವಳಿಯ ಆರ್ಡರ್ ಬಂದರೆ 316 ಮತ್ತು ಆರ್‌ಎ 0.5ಕ್ಕಿಂತ ಕಡಿಮೆ ಅಂತ ಕೊಟೇಶನ್‌ನಲ್ಲೇ ಬರೆಯಿರಿ. ರೇಟ್ ಜಾಸ್ತಿ ಆಯಿತು ಅಂತ ಅವರು ಬೇರೆಯವರ ಹತ್ತಿರ ಹೋದರೆ ಹೋಗಲಿ, ಆ ಕೆಲಸ ಬಿಟ್ಟುಬಿಡಿ.