ತಮ್ಮನ ಕಾಲಿನ ಮೂಳೆ 5 ಸೆಂ.ಮೀ. ಹೋಗಿದೆ, ಸ್ಟೆಮ್ ಸೆಲ್ ಹಾಕಿಸಬಹುದಾ?

ತಮ್ಮನ ಮೊಣಕಾಲಿನ ಕೆಳಗೆ 5 ಸೆಂ.ಮೀ. ಮೂಳೆಯೇ ಇಲ್ಲ, 4 ಲಕ್ಷ ಕೊಟ್ಟರೆ ಸ್ಟೆಮ್ ಸೆಲ್ (ಮೂಳೆಯಂಥ ಅಂಗಾಂಶವಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್ ಹಾಕಿ ಬೆಳೆಸಿಕೊಡುತ್ತೇವೆ ಅಂತ ಒಂದು ಕ್ಲಿನಿಕ್‌ನವರು ಹೇಳಿದ್ದಾರೆ, ಇಟ್ಟಿರುವ ಕಾಳುಮೆಣಸು ಮಾರಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಮಾರಬೇಡಿ.

ನಾನು ಕೊಡಗಿನ ಸೋಮವಾರಪೇಟೆ ಕಡೆಯವನು. ಕಾಫಿ ಮೂಟೆ ತುಂಬಿದ್ದ ಪಿಕಪ್ ತಿರುವಿನಲ್ಲಿ ಮಗುಚಿ ಬಲಗಾಲು ಅದರಡಿ ಸಿಕ್ಕಿತ್ತು. ಗಾಯದಲ್ಲಿ ಕೀವಾಗಿ, ಸತ್ತ ಮೂಳೆಯನ್ನು ಕತ್ತರಿಸಿ ತೆಗೆದಾಗ 6 ಸೆಂ.ಮೀ. ಖಾಲಿ ಉಳಿಯಿತು. ಇಂಜೆಕ್ಷನ್ ಆಸೆ ಹುಟ್ಟಿಸಿದವರು ನನಗೂ ಸಿಕ್ಕಿದ್ದರು.

ಸೆಲ್ ಚಿಕಿತ್ಸೆ ಅನ್ನುವುದು ಸುಳ್ಳಲ್ಲ. 2001ರಲ್ಲಿ ಇಟಲಿಯ ವೈದ್ಯರು 3 ರೋಗಿಗಳ ಮೂಳೆ ಮಜ್ಜೆಯಿಂದ ಸೆಲ್ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ತುಂಡಿನಲ್ಲಿ ತುಂಬಿ ಮೂಳೆ ಇಲ್ಲದ ಜಾಗಕ್ಕೆ ಇಟ್ಟಿದ್ದರು. ಅವರಿಗೆ ಗುಣವಾಯಿತು. 2005ರಲ್ಲಿ ಫ್ರಾನ್ಸಿನ ಎರ್ನಿಗು ಎಂಬ ವೈದ್ಯರು ಸೊಂಟದ ಮೂಳೆಯಿಂದ ಮಜ್ಜೆ ಎಳೆದು, ಅದರಲ್ಲಿನ ಸೆಲ್‌ಗಳನ್ನು ಸಾಂದ್ರಗೊಳಿಸಿ, ಕೂಡದ ಮೂಳೆಗೆ ಚುಚ್ಚಿದರು. 60 ಜನರಲ್ಲಿ 53 ಜನರ ಮೂಳೆ ಕೂಡಿತು. ಆದರೆ ಅವು ಮುರಿದು ಕೂಡದೆ ಉಳಿದ ಮೂಳೆಗಳು, ನಿಮ್ಮ ತಮ್ಮನ ಹಾಗೆ ತುಂಡೇ ಇಲ್ಲದವಲ್ಲ. ಈ ವ್ಯತ್ಯಾಸವನ್ನೇ ಕ್ಲಿನಿಕ್‌ನವರು ಹೇಳುವುದಿಲ್ಲ.

ದೊಡ್ಡ ಖಾಲಿ ಜಾಗದಲ್ಲಿ ರಕ್ತನಾಳ ಇರುವುದಿಲ್ಲ. ಬರೀ ಸೆಲ್ ಸುರಿದರೆ ನಡುವಿನವು ಉಸಿರಿಲ್ಲದೆ ಸಾಯುತ್ತವೆ. 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡಗಳು ಜಾರಿದ್ದು ನೆನಪಿದೆ ಅಲ್ವಾ? ಜಾರಿದ ಬರೆ (ಇಳಿಜಾರು) ಮೇಲೆ ಯಾರೂ ಸುಮ್ನೆ ಕಾಫಿ ಗಿಡ ನೆಡಲಿಲ್ಲ. ಮೊದಲು ಬರೆ ನಿಲ್ಲಬೇಕು, ಮಣ್ಣು ಕೂರಬೇಕು. ಮೂಳೆಗೂ ಅಷ್ಟೇ: ಅಲುಗಾಡದೆ ನಿಲ್ಲಬೇಕು, ಕೀವು ಪೂರ್ತಿ ಹೋಗಬೇಕು, ರಕ್ತ ಹರಿಯಬೇಕು.

ನನಗೆ ಹಾಕಿದ್ದು ರಿಂಗ್, ಅಂದರೆ ಕಾಲಿನ ಸುತ್ತ ಲೋಹದ ಬಳೆಗಳನ್ನಿಟ್ಟು ತಂತಿ ಚುಚ್ಚಿ ಮೂಳೆ ಹಿಡಿದಿಡುವ ಚೌಕಟ್ಟು. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಇಲಿಜರೋವ್ ಎಂಬ ವೈದ್ಯರು ಕಂಡುಕೊಂಡ ದಾರಿ. ಒಳ್ಳೆ ಜಾಗದಲ್ಲಿ ಮೂಳೆ ಕತ್ತರಿಸಿ, ಆ ತುಂಡನ್ನು ದಿನಕ್ಕೆ 1 ಮಿ.ಮೀ. ಸರಿಸುತ್ತಾರೆ. ಅದು ಬಿಟ್ಟು ಬಂದ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತಾ ಬರುತ್ತದೆ. ಸರಿಸಿದ್ದು ನಾವೇ, ಬೈಕ್ ಮೆಕ್ಯಾನಿಕ್ ಬಳಿ ಇರುವಂಥದೇ 10 ನಂಬರ್ ಸ್ಪ್ಯಾನರ್‌ನಲ್ಲಿ. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಸುತ್ತು. ಲೆಕ್ಕ ತಪ್ಪದಿರಲಿ ಅಂತ ಹೆಂಡತಿ ನಟ್ಟಿನ ಒಂದು ಮೂಲೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ದಳು. ಮಳೆಗಾಲದಲ್ಲಿ ತಂತಿ ಚುಚ್ಚಿದ ಜಾಗವನ್ನು ಒಣಗಿಸಿಡುವುದೇ ದೊಡ್ಡ ಕೆಲಸ, ಬಟ್ಟೆಯನ್ನೆಲ್ಲ ಒಲೆ ಹತ್ತಿರವೇ ಒಣಗಿಸುತ್ತಿದ್ದೆವು. ಮೂರನೇ ಎಕ್ಸ್‌ರೇಯಲ್ಲಿ ಖಾಲಿ ಜಾಗದಲ್ಲಿ ತೆಳುವಾಗಿ ಮಂಜು ಕಟ್ಟಿದ ಹಾಗೆ ಕಂಡಿತು. ಡಾಕ್ಟರು ಬೆರಳಿಟ್ಟು ತೋರಿಸಿದಾಗ ಇಬ್ಬರೂ ಅತ್ತೆವು. ಅದನ್ನು ಕಟ್ಟಿದ್ದೂ ನನ್ನ ಸೆಲ್‌ಗಳೇ. ರಿಂಗ್ ತೆಗೆಯುವ ಹೊತ್ತಿಗೆ 11 ತಿಂಗಳಾಗಿತ್ತು. ಸುಲಭ ಅನ್ನುವುದಿಲ್ಲ, ತುಂಬಾ ನೋವಿತ್ತು.

ಇನ್ನೊಂದು ದಾರಿ ಮ್ಯಾಸ್ಕೆಲೆ ಎಂಬ ಶಸ್ತ್ರಚಿಕಿತ್ಸೆ. ಮೊದಲು ಖಾಲಿ ಜಾಗದಲ್ಲಿ ಮೂಳೆ ಚಿಕಿತ್ಸೆಗೆ ಬಳಸುವ ಸಿಮೆಂಟ್ ಉಂಡೆ ಇಟ್ಟು 6-8 ವಾರ ಬಿಡುತ್ತಾರೆ. ಸುತ್ತ ರಕ್ತ ಹರಿಯುವ ಪೊರೆ ಕಟ್ಟುತ್ತದೆ, ಆಮೇಲೆ ಸಿಮೆಂಟ್ ತೆಗೆದು ಸೊಂಟದ ಮೂಳೆಯ ಚೂರು ತುಂಬುತ್ತಾರೆ.

ಕ್ಲಿನಿಕ್‌ನವರಿಗೆ ಒಂದೇ ಪ್ರಶ್ನೆ ಕೇಳಿ: ಸಿಟಿಆರ್‌ಐ (ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಏನು? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕಾಯಿಲೆಗೆ ಮಾಡುವ ಕಸಿ ಬಿಟ್ಟರೆ ಮಿಕ್ಕ ಸ್ಟೆಮ್ ಸೆಲ್ ಚಿಕಿತ್ಸೆಗಳು ನೋಂದಾಯಿತ ಪ್ರಯೋಗದಲ್ಲಿ ಮಾತ್ರ ನಡೆಯಬೇಕು, ರೋಗಿಯಿಂದ ಅದಕ್ಕೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ನಿಜವಾದ ಪ್ರಯೋಗ ಸಿಕ್ಕರೆ ಖಂಡಿತ ಯೋಚಿಸಿ.

ತಮ್ಮ ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ, ಮೂಳೆ ಕೂಡುವುದು ಅದರಿಂದ ಬಹಳ ನಿಧಾನವಾಗುತ್ತದೆ. ಸಕ್ಕರೆ ಕಾಯಿಲೆ ಇದೆಯಾ ನೋಡಿಸಿ. ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲೋ ಮೈಸೂರಿನಲ್ಲೋ ರಿಂಗ್ ಹಾಕಿ ಅನುಭವ ಇರುವ ಮೂಳೆ ಡಾಕ್ಟರನ್ನು ಕಾಣಿ. ಹೋಗುವಾಗ ಮೊದಲ ದಿನದಿಂದ ಹಿಡಿದು ಎಲ್ಲಾ ಎಕ್ಸ್‌ರೇ ಫಿಲಂಗಳು, ಕೀವಿನ ಕಲ್ಚರ್ ರಿಪೋರ್ಟ್ (ಯಾವ ರೋಗಾಣು ಅಂತ ತಿಳಿಸುವ ಲ್ಯಾಬ್ ವರದಿ) ಕೈಯಲ್ಲಿರಲಿ.