ಲಿಫ್ಟಿನ 175 ರೂಪಾಯಿ ಮತ್ತು ‘ಇತರೆ’ ಎಂಬ ಸಾಲು

ಓದುಗರ ಪತ್ರ: “ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಬೆಂಗಳೂರಿನಲ್ಲಿ 48 ಮನೆಗಳ, 14 ವರ್ಷ ಹಳೆಯ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದ್ದೇನೆ. ನನ್ನ ಮನೆ 1,050 ಚದರಡಿ. ಮೇಂಟೆನೆನ್ಸ್ ಚದರಡಿಗೆ 3.50ರಿಂದ 4.25 ರೂಪಾಯಿಗೆ ಏರಿದೆ. ಲಿಫ್ಟ್ ಹತ್ತದ ನಾನು ಲಿಫ್ಟಿನ ದುಡ್ಡು ಯಾಕೆ ಕೊಡಬೇಕು ಎಂದರೆ ಕಮಿಟಿಯವರು ನಕ್ಕರು. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ತಂಗಿಯ ಸೊಸೈಟಿಯಲ್ಲಿ ದೊಡ್ಡ ಮನೆ, ಚಿಕ್ಕ ಮನೆ ಎಲ್ಲಕ್ಕೂ ಒಂದೇ ಸರ್ವಿಸ್ ಚಾರ್ಜ್ ಅಂತೆ. ಇಲ್ಲಿ ಯಾಕೆ ಹಾಗಿಲ್ಲ? ಮೂರು ತಿಂಗಳಿಂದ ಕಟ್ಟಿಲ್ಲ. ಈಗ ನೀರು ಬಂದ್ ಮಾಡುತ್ತೇವೆ ಎನ್ನುತ್ತಿದ್ದಾರೆ. ಲೆಕ್ಕದ ಹಾಳೆ ಲಗತ್ತಿಸಿದ್ದೇನೆ. ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಮೇಡಂ, ಲೆಕ್ಕದ ಹಾಳೆ ಕಳಿಸಿದ್ದು ಒಳ್ಳೆಯದಾಯಿತು. ಮೇಂಟೆನೆನ್ಸ್ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಸಿಟ್ಟು ಬೇಕಾದಷ್ಟಿರುತ್ತದೆ, ಲೆಕ್ಕ ಇರುವುದಿಲ್ಲ. ನಿಮ್ಮ ಹಾಳೆಯನ್ನು ಮುಂದಿಟ್ಟುಕೊಂಡೇ ಬರೆಯುತ್ತೇನೆ.

ಮೊದಲು ಲಿಫ್ಟ್. ಎರಡು ಲಿಫ್ಟುಗಳ ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ತಿಂಗಳಿಗೆ 9,600 ರೂಪಾಯಿ ಎಂದಿದೆ. ಒಟ್ಟು 57,600 ಚದರಡಿಯಲ್ಲಿ ನಿಮ್ಮದು 1,050. ಅಂದರೆ ನಿಮ್ಮ ಪಾಲು 175 ರೂಪಾಯಿ. ಲಿಫ್ಟ್ ಎಳೆಯುವ ಕರೆಂಟು ಸಾಮಾನ್ಯ ಬೆಸ್ಕಾಂ ಬಿಲ್ಲಿನೊಳಗೆ ಸೇರಿರುವುದರಿಂದ ಇನ್ನೊಂದಿಷ್ಟು ಸೇರಿಸಿಕೊಳ್ಳಿ. ಈ ಮೊತ್ತಕ್ಕಾಗಿ 13,387 ರೂಪಾಯಿ 50 ಪೈಸೆ ಬಾಕಿ ಇಟ್ಟುಕೊಂಡಿದ್ದೀರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಮೊತ್ತ ಸಣ್ಣದು, ಆದ್ದರಿಂದ ಸುಮ್ಮನೆ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಮೇಂಟೆನೆನ್ಸ್ ಎನ್ನುವುದು ಬಸ್ ಟಿಕೆಟ್ ಅಲ್ಲ, ಹತ್ತಿದವರಷ್ಟೇ ಕೊಡುವುದಕ್ಕೆ. ನೀವು ಕೊಂಡಿದ್ದು ನಾಲ್ಕು ಗೋಡೆಯ ಒಳಗಿನ ಮನೆಯನ್ನು ಮಾತ್ರವಲ್ಲ. ನೆಲ, ಮೆಟ್ಟಿಲು, ಸಂಪು, ತಾರಸಿ, ಲಿಫ್ಟ್ ಎಲ್ಲದರಲ್ಲೂ ಒಂದು ಪಾಲು ಕೊಂಡಿದ್ದೀರಿ. ನಿಮ್ಮ ಕ್ರಯಪತ್ರ ತೆಗೆದು ನೋಡಿ, ಅವಿಭಜಿತ ಪಾಲು ಎಷ್ಟೆಂದು ಬರೆದಿರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆ ಸಾಮಾನ್ಯ ಖರ್ಚನ್ನು ಹಂಚುವುದು ಆ ಪಾಲಿನ ಪ್ರಕಾರ. ‘ಈ ಸೌಲಭ್ಯ ನನಗೆ ಬೇಡ, ನಾನು ಬಳಸುವುದಿಲ್ಲ’ ಎಂದು ಹೇಳಿ ಖರ್ಚಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಮನೆಗೆ ಬೀಗ ಹಾಕಿ ಮಗನ ಜೊತೆ ಅಮೆರಿಕದಲ್ಲಿದ್ದರೂ ಕಟ್ಟಬೇಕು.

ಈ ನಿಯಮದಿಂದ ನೆಲಮಹಡಿಯವರಿಗೇ ಉಪಕಾರ ಹೆಚ್ಚು ಎಂಬುದು ನನ್ನ ಅನುಭವ. ಕಟ್ಟಡದ ಒಳಚರಂಡಿ ಕಟ್ಟಿಕೊಂಡರೆ ಕೊಳಕು ನೀರು ಮೊದಲು ಉಕ್ಕಿ ಬರುವುದು ಯಾರ ಬಚ್ಚಲಿಗೆ? ಆಗ ನಾಲ್ಕನೇ ಮಹಡಿಯವರು ‘ನಮ್ಮಲ್ಲಿ ಸರಾಗವಾಗಿ ಹೋಗುತ್ತಿದೆ, ನಾವ್ಯಾಕೆ ಕೊಡಬೇಕು’ ಎಂದರೆ ನೀವೇನು ಹೇಳುತ್ತೀರಿ?

ಇನ್ನು ನಿಮ್ಮ ತಂಗಿಯ ಸೊಸೈಟಿ. ಅವರು ಹೇಳಿದ್ದು ನಿಜ. ಮುಂಬೈ ಕಡೆ ಹೆಚ್ಚಿನವು ಸಹಕಾರಿ ಗೃಹ ಸಂಘಗಳು. ಮಹಾರಾಷ್ಟ್ರದ ಮಾದರಿ ಬೈಲಾ (ಸಂಘದ ನಿಯಮಾವಳಿ) ಪ್ರಕಾರ ಕಾವಲು, ಕಸ ಗುಡಿಸುವುದು, ಕಚೇರಿ ಖರ್ಚು ಮುಂತಾದ ಸರ್ವಿಸ್ ಚಾರ್ಜ್ ಎಲ್ಲ ಮನೆಗೂ ಸಮ. ನೀರಿನ ಹಣ ಮಾತ್ರ ನಲ್ಲಿಗಳ ಲೆಕ್ಕದಲ್ಲಿ. ಆದರೆ ತಂಗಿ ನಿಮಗೆ ಹೇಳದ ಎರಡು ಸಂಗತಿಗಳಿವೆ. ಲಿಫ್ಟಿನ ಖರ್ಚನ್ನೂ ಬಳಸಲಿ ಬಿಡಲಿ ಎಲ್ಲ ಸದಸ್ಯರೂ ಸಮನಾಗಿ ಕೊಡಬೇಕೆಂದು ಅದೇ ಬೈಲಾ ಹೇಳುತ್ತದೆ. ಎರಡನೆಯದು ಇನ್ನೂ ಸ್ವಾರಸ್ಯ: ನಿಮ್ಮ ಕಟ್ಟಡದ ತಿಂಗಳ ಖರ್ಚು 2,44,800 ರೂಪಾಯಿಯನ್ನು 48 ಮನೆಗಳಿಗೆ ಸಮ ಹಂಚಿದರೆ ತಲಾ 5,100 ಬರುತ್ತದೆ. ಈಗ ಚದರಡಿ ಲೆಕ್ಕದಲ್ಲಿ ನಿಮ್ಮದು 4,462.50. ಹಾಗೆ ಎಲ್ಲವನ್ನೂ ಸಮ ಹಂಚಿದರೆ ತಿಂಗಳಿಗೆ 637 ರೂಪಾಯಿ ಹೆಚ್ಚು ಕೊಡುತ್ತೀರಿ. ಸಭೆಯಲ್ಲಿ ಈ ಮಾತು ನೀವಾಗಿ ಎತ್ತದಿರುವುದು ಲೇಸು. ದೊಡ್ಡ ಮನೆಯವರು ಚಪ್ಪಾಳೆ ತಟ್ಟಿಯಾರು.

ಹಾಗಾದರೆ ಕಮಿಟಿಯವರದೆಲ್ಲ ಸರಿಯೇ? ಇಲ್ಲ. ಹಾಳೆಯ ಕೊನೆಯಲ್ಲಿ ‘ಇತರೆ: 13,200’ ಎಂಬ ಸಾಲಿದೆ ನೋಡಿ. ಅದು ಎರಡು ಲಿಫ್ಟುಗಳ ಖರ್ಚಿಗಿಂತ ಹೆಚ್ಚು. ನಿಮ್ಮ ಪಾಲೇ 240 ರೂಪಾಯಿ. ಇತರೆ ಎಂದರೆ ಏನು? ಹಿಂದೆ 24 ಮನೆಗಳ ಕಟ್ಟಡವೊಂದರಲ್ಲಿ ಎರಡು ವರ್ಷ ಖಜಾಂಚಿಯಾಗಿದ್ದವನು ನಾನು, ಆ ಸಾಲಿನ ಮರ್ಮ ಗೊತ್ತು. ಕಳವು ಅಂತಲೇ ಅಲ್ಲ. ಬಲ್ಬು, ಫಿನಾಯಿಲು, ಮೋಟಾರ್ ರಿಪೇರಿ, ದೀಪಾವಳಿ ಇನಾಮು ಎಲ್ಲವೂ ರಸೀದಿ ಇಲ್ಲದೆ ಅಲ್ಲಿ ಹೋಗಿ ಬೀಳುತ್ತವೆ. ಒಮ್ಮೆ ನಾನು ಮೂರು ಟ್ಯಾಂಕರಿನ ದುಡ್ಡು ತಾಳೆಯಾಗದೆ ‘ಇತರೆ’ಗೆ ತಳ್ಳಿ ನಿದ್ದೆ ಮಾಡಿದ್ದೇನೆ. ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಯಾರೂ ಕೇಳಲಿಲ್ಲ.

ಮತ್ತೊಂದು ಕೊರತೆ ಹಾಳೆಯಲ್ಲಿ ಇಲ್ಲದೇ ಇರುವುದು. ಸೆಕ್ಯುರಿಟಿಗೆ 84,000, ಹೌಸ್‌ಕೀಪಿಂಗ್‌ಗೆ 45,000, ನೀರಿಗೆ 36,000 ಎಂದು ಎಲ್ಲ ಇದೆ. ಸಿಂಕಿಂಗ್ ಫಂಡ್, ಅಂದರೆ ಮುಂದೆ ಬರುವ ದೊಡ್ಡ ಖರ್ಚಿಗೆ ಈಗಿನಿಂದಲೇ ಎತ್ತಿಡುವ ಹಣ, ಎಂಬ ಸಾಲೇ ಇಲ್ಲ. ಬಂದದ್ದೆಲ್ಲ ಆ ತಿಂಗಳಿಗೇ ಖಾಲಿ. 14 ವರ್ಷದ ಕಟ್ಟಡಕ್ಕೆ ಹೊರಗೋಡೆಯ ಬಣ್ಣ, ತಾರಸಿಯ ವಾಟರ್‌ಪ್ರೂಫಿಂಗ್, ಹೊಸ ಲಿಫ್ಟು ಒಂದರ ಹಿಂದೆ ಒಂದು ಬರುತ್ತವೆ. ಆಗ ಒಂದೇ ಸಲಕ್ಕೆ ಮನೆಗೆ ಇಷ್ಟು ಸಾವಿರ ಕೊಡಿ ಎಂದು ನೋಟಿಸ್ ಅಂಟಿಸುತ್ತಾರೆ. ಪಿಂಚಣಿಯಲ್ಲಿ ಬದುಕುವವರಿಗೆ ಏಟು ಬೀಳುವುದು ಅಲ್ಲಿ. ನಿಮ್ಮ ತಂಗಿಯ ಕಡೆಯ ಬೈಲಾದಿಂದ ಕಲಿಯುವುದಿದ್ದರೆ ಇದನ್ನು ಕಲಿಯಬೇಕು: ಅಲ್ಲಿ ಕಟ್ಟಡದ ನಿರ್ಮಾಣ ವೆಚ್ಚದ ಶೇ. 0.25ರಷ್ಟನ್ನಾದರೂ ವರ್ಷ ವರ್ಷ ಸಿಂಕಿಂಗ್ ಫಂಡಿಗೆ, ಶೇ. 0.75ರಷ್ಟನ್ನು ರಿಪೇರಿ ನಿಧಿಗೆ ಎತ್ತಿಡಬೇಕು.

75 ಪೈಸೆಯ ಏರಿಕೆ ವಿಪರೀತವೇ? ನನಗೆ ಹಾಗನಿಸಲಿಲ್ಲ. ಜಲಮಂಡಳಿ 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ನೀರಿನ ದರ ಏರಿಸಿತು. ಸೆಕ್ಯುರಿಟಿ ಏಜೆನ್ಸಿಯ ಬಿಲ್ಲು ಕನಿಷ್ಠ ವೇತನದ ಜೊತೆ ಏರುತ್ತದೆ. ಜಿಎಸ್‌ಟಿ ಹಾಕಿಲ್ಲವಲ್ಲ ಎಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಿ. ಹಾಕದ್ದು ಸರಿ. ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರಷ್ಟೇ ಸಾಲದು, ಆ ಮನೆಯ ತಿಂಗಳ ಮೇಂಟೆನೆನ್ಸ್ 7,500 ರೂಪಾಯಿಯನ್ನೂ ದಾಟಬೇಕು. ನಿಮ್ಮದು ಅದರ ಹತ್ತಿರಕ್ಕೂ ಬಂದಿಲ್ಲ.

ನೀರು ಬಂದ್ ಮಾಡುವ ಬೆದರಿಕೆ ಮಾತ್ರ ತಪ್ಪೇ ತಪ್ಪು. ಬಾಕಿ ವಸೂಲಿಗೆ ನೋಟಿಸ್ ಇದೆ, ಬೈಲಾದಲ್ಲಿ ಬರೆದಿದ್ದರೆ ಬಡ್ಡಿ ಇದೆ, ಸಿವಿಲ್ ನ್ಯಾಯಾಲಯ ಇದೆ. ಕುಡಿಯುವ ನೀರನ್ನು ಸುಪ್ರೀಂ ಕೋರ್ಟು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿ ನೋಡಿದೆ. ಕಮಿಟಿಯ ಕಾರ್ಯದರ್ಶಿ ವಾಲ್ವ್ ತಿರುಗಿಸುವಾಗ ಅದು ನೆನಪಿರಲಿ. ಬೆದರಿಕೆ ವಾಟ್ಸಾಪಿನಲ್ಲಿ ಬಂದಿದ್ದರೆ ಅಳಿಸಬೇಡಿ.

ಆದರೆ ಬಾಕಿ ಬೆಳೆಯಲು ಬಿಡಬೇಡಿ. ಸಾಮಾನ್ಯ ಖರ್ಚಿನ ಬಾಕಿ ಆ ಮನೆಯ ಮೇಲೇ ಋಣಭಾರವಾಗಿ ಕೂರುತ್ತದೆ, ಮಾರಿದರೆ ಕೊಂಡವರ ಹೆಗಲಿಗೂ ಬರುತ್ತದೆ. ಬಾಕಿ ಇಲ್ಲ ಎಂಬ ಪತ್ರವನ್ನು ಕೊಳ್ಳುವವರು ಕೇಳುವುದು ಅದಕ್ಕೇ. ಇನ್ನೂ ಒಂದು ಕಾರಣವಿದೆ. ಕಟ್ಟದೆ ಕೇಳುವವರ ಪ್ರಶ್ನೆಗೆ ಸಭೆಯಲ್ಲಿ ಬೆಲೆ ಇರುವುದಿಲ್ಲ, ‘ಮೊದಲು ಬಾಕಿ ಕಟ್ಟಿ’ ಎಂದು ಬಾಯಿ ಮುಚ್ಚಿಸುತ್ತಾರೆ.

ಆದ್ದರಿಂದ ಪೂರ್ತಿ ಹಣವನ್ನು ಚೆಕ್ಕಿನಲ್ಲಿ ಕಟ್ಟಿ, ಜೊತೆಗೊಂದು ಪತ್ರ ಕೊಡಿ: ಆಕ್ಷೇಪ ಉಳಿಸಿಕೊಂಡು ಕಟ್ಟುತ್ತಿದ್ದೇನೆ, ‘ಇತರೆ’ಯ ವಿವರ ಬೇಕು, ಸಿಂಕಿಂಗ್ ಫಂಡ್ ವಿಷಯ ಮುಂದಿನ ಸರ್ವಸದಸ್ಯರ ಸಭೆಯ ಪಟ್ಟಿಯಲ್ಲಿ ಬರಬೇಕು. ನಕಲಿನ ಮೇಲೆ ಸಹಿ ಪಡೆಯಿರಿ. ಜಮಾ ಖರ್ಚಿನ ಪುಸ್ತಕ ನೋಡುವುದು ಪ್ರತಿ ಮಾಲೀಕರ ಹಕ್ಕು, ಅದಕ್ಕೆ ಯಾರ ಕೃಪೆಯೂ ಬೇಡ. ನಲವತ್ತು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ನಿಮ್ಮದು, ಒಂದು ಮಧ್ಯಾಹ್ನ ಸಾಕು. ಟ್ಯಾಂಕರ್ ಚೀಟಿಗಳನ್ನೂ ಕೇಳಿ. ಸಾಮಾನ್ಯವಾಗಿ ಅವು ಕಚೇರಿಯ ಕಪಾಟಿನಲ್ಲಿ ಇರುವುದಿಲ್ಲ, ಗೇಟಿನ ಸೆಕ್ಯುರಿಟಿ ಕೋಣೆಯ ಮೊಳೆಗೆ ಚುಚ್ಚಿರುತ್ತಾರೆ.